ಗುಣವಾಗದವರ ಸಾಕ್ಷಿ

“ಅಕ್ಕಾರ, ಗುಣ ಆಗೇತಿ ಅಂತ ವಿಶ್ವಾಸದಿಂದ ಹೇಳ್ರಿ,” ಎಂದು ಮೈಕು ಹಿಡಿದಿದ್ದ ಯುವಕ ಒತ್ತಾಯಿಸಿದ್ದು, ಆ ಹೆಂಗಸು, “ಆಗಿಲ್ಲಲ್ರೀ, ಹೆಂಗ ಹೇಳ್ಲಿ?” ಎಂದು ಸಾವಧಾನವಾಗಿ ಉತ್ತರಿಸಿದ್ದು ಈ ವಾರವಿಡೀ ನನ್ನ ಕಿವಿಯಲ್ಲಿದೆ.

ಧಾರವಾಡದ ಹೊರವಲಯದ ಆ ಕ್ರೈಸ್ತ ಉಜ್ಜೀವನ ಕೂಟಕ್ಕೆ, ವಿಶ್ವಾಸವನ್ನು ಬಡಿದೆಬ್ಬಿಸುವ ಆ ಪ್ರಾರ್ಥನಾ ಸಮಾವೇಶಕ್ಕೆ, ತಂಗಿಯ ಮಾತು ಮೀರಲಾಗದೆ ಹೋಗಿದ್ದೆ. ಆಳೆತ್ತರದ ಸ್ಪೀಕರುಗಳು, ನೇರ ಪ್ರಸಾರದ ಕ್ಯಾಮೆರಾಗಳು, ವೇದಿಕೆಯ ತುಂಬ ಪ್ರಸಂಗಿಗಳದೇ ಭಾವಚಿತ್ರ. ದೇವರು ತಮಗೆ ಮಾಡಿದ ಉಪಕಾರದ ಸಾಕ್ಷಿ ಹೇಳಲು ಸಾಲುಗಟ್ಟಿ ನಿಂತವರಲ್ಲಿ ಆಕೆಯೂ ಒಬ್ಬರು. ಗಂಡನಿಗೆ ಲಕ್ವಾ ಹೊಡೆದಿದೆ. “ಮೊದಲ ಉಣಸೂ ಮುಂದ ಸಿಟ್ಟು ಬರತಿತ್ತು, ಈಗ ಬರೂದಿಲ್ಲ, ಅದಕ್ಕ ಕರ್ತನಿಗೆ ಸ್ತೋತ್ರ,” ಎಂದರು. ಸಾಕ್ಷಿ ಅಷ್ಟೇ. ಅದು ಸಾಲದೆಂದು ತೋರಿ ಯುವಕ ಹಾಗೆ ಕೇಳಿದ. ಆಕೆ “ಹೆಂಗ ಹೇಳ್ಲಿ?” ಎಂದ ಕೂಡಲೇ ಕೀಬೋರ್ಡಿನ ಸದ್ದು ಏರಿತು, ಮೈಕು ಮುಂದಿನವರ ಕೈಗೆ ಹೋಯಿತು.

ಆ ಹುಡುಗನನ್ನು ಕಪಟಿ ಎನ್ನಲು ನನಗೆ ಮನಸ್ಸಿಲ್ಲ. ಆಗದಿದ್ದುದನ್ನು ಆಗಿದೆಯೆಂದು ಹೇಳುವುದೇ ವಿಶ್ವಾಸವೆಂದು ಅವನಿಗೆ ಯಾರೋ ಕಲಿಸಿದ್ದಾರೆ. ಕಲಿಸಿದವರ ಬಗ್ಗೆ ಮಾತ್ರ ನನಗೆ ಅಷ್ಟು ಔದಾರ್ಯವಿಲ್ಲ.

ಗದ್ದಲವೇ ತಪ್ಪೆಂಬುದು ನನ್ನ ವಾದವಲ್ಲ. ತಾಳ ತುತೂರಿಗಳಿಂದ ದೇವರನ್ನು ಸ್ತುತಿಸಿರೆಂದು ಬೈಬಲಿನ 150ನೆಯ ಕೀರ್ತನೆಯೇ ಕರೆಯುತ್ತದೆ. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯ ನಮ್ಮ ಸಭೆಯ ಶಾಂತಿಯನ್ನೇ ಭಕ್ತಿಯೆಂದು ಹೊಗಳುವವರು, ಪ್ರಸಂಗದ ವೇಳೆ ಹಿಂದಿನ ಬೆಂಚುಗಳಲ್ಲಿ ತೂಕಡಿಸುವವರನ್ನೂ ಒಮ್ಮೆ ತಿರುಗಿ ನೋಡಬೇಕು. ಸದ್ದಾಗಲಿ ಮೌನವಾಗಲಿ ವಿಶ್ವಾಸಕ್ಕೆ ಪುರಾವೆಯಲ್ಲ. ಪುರಾವೆಯೆಂದು ಎಲ್ಲರೂ ತೋರಿಸುವ ಅದ್ಭುತವೂ ಅಲ್ಲ: ಪ್ರವಾದನೆ ಹೇಳಿದವರನ್ನೂ ದೆವ್ವ ಬಿಡಿಸಿದವರನ್ನೂ ಕುರಿತು ‘ನಾನೆಂದೂ ನಿಮ್ಮ ಗುರುತು ಅರಿಯೆನು’ ಎಂದು ಯೇಸು ಹೇಳುವುದು ಮತ್ತಾಯನ 7ನೆಯ ಅಧ್ಯಾಯದಲ್ಲಿದೆ. ಕುಷ್ಠರೋಗಿಯನ್ನು ಶುದ್ಧಮಾಡಿದಾಗಲೂ, ಯಾರಿಗೂ ಹೇಳಬೇಡ, ಯಾಜಕನಿಗೆ ಮೈತೋರಿಸಿಕೊ ಎಂದು ಆತನು ಖಂಡಿತವಾಗಿ ಎಚ್ಚರಿಸಿ ಕಳುಹಿಸಿದ್ದನು. ಈಗಿನ ಕೂಟಗಳಲ್ಲಿ ಆ ಕುಷ್ಠರೋಗಿಗೆ ಯಾಜಕನಿಗಿಂತ ಮೊದಲು ಕ್ಯಾಮೆರಾ ಎದುರಾಗುತ್ತಿತ್ತು.

ಆ ಹೆಂಗಸಿನ ಉತ್ತರದಲ್ಲಿ ಅವಿಶ್ವಾಸವಿತ್ತೆಂದು ತಂಗಿ ಹೇಳುತ್ತಾಳೆ. ನನಗೆ ಕಂಡದ್ದು ಬೇರೆ. ದೇವರ ಹೆಸರಿಗೆ ಕೀರ್ತಿ ಬರಲೆಂದಾದರೂ ಆಕೆ ಸುಳ್ಳು ಹೇಳಲೊಪ್ಪಲಿಲ್ಲ. ಸುಳ್ಳಿನ ನೆರವು ಬೇಕಾಗುವಷ್ಟು ಬಡವ ನನ್ನ ದೇವರಲ್ಲ ಎಂಬ ಧೈರ್ಯವಿಲ್ಲದೆ, ಅಷ್ಟು ಜನರ ಮುಂದೆ, ಅಷ್ಟು ಸದ್ದಿನ ನಡುವೆ, ‘ಆಗಿಲ್ಲ’ ಎನ್ನಲು ಬಾಯಿ ಬರುವುದಿಲ್ಲ. ದಿನವೂ ತುತ್ತು ಮಾಡಿ ಉಣಿಸುವ ಕೈಯಲ್ಲಿ ಸಿಟ್ಟಿಲ್ಲದಿರುವುದು ಸಣ್ಣ ಸಂಗತಿಯೆಂದು ತಿಳಿಯುವವರು ಹಾಸಿಗೆ ಹಿಡಿದ ರೋಗಿಯನ್ನು ನೋಡಿಕೊಂಡವರಲ್ಲ.

ಮೊನ್ನೆ ಕೂಟದ ವಿಡಿಯೋ ಬಂತು. ಎಲ್ಲರ ಸಾಕ್ಷಿಯೂ ಅದರಲ್ಲಿದೆ, ಆಕೆಯದನ್ನು ಕತ್ತರಿಸಿದ್ದಾರೆ. ಅಪೊಸ್ತಲನಾದ ಪೌಲನ ಮೈಮೇಲಿಂದ ತಂದ ಕರವಸ್ತ್ರಗಳಿಂದ ಎಫೆಸದ ರೋಗಿಗಳು ವಾಸಿಯಾದರೆಂದು ಬರೆದಿರುವ ಅದೇ ಸತ್ಯವೇದದಲ್ಲಿ, ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ, ತನ್ನ ಜೊತೆಗಾರ ತ್ರೊಫಿಮನು ಅಸ್ವಸ್ಥನಾಗಿದ್ದುದರಿಂದ ಅವನನ್ನು ಮಿಲೇತದಲ್ಲಿಯೇ ಬಿಟ್ಟು ಬಂದೆನೆಂದು ಪೌಲನು ಯಾವ ಸಂಕೋಚವೂ ಇಲ್ಲದೆ ಬರೆಯುತ್ತಾನೆ. ಈ ವಿಡಿಯೋ ಕತ್ತರಿಸಿದವರ ಕೈಗೆ ಆ ಪತ್ರ ಸಿಕ್ಕಿದ್ದರೆ ತ್ರೊಫಿಮನ ಕಾಯಿಲೆಯ ಸುದ್ದಿ ನಮ್ಮವರೆಗೆ ಬರುತ್ತಿರಲಿಲ್ಲ.