ತಿರುಗಿಸಿ ಬರೆದ ‘ಕೆ’

ಬೇಸ್‌ಬಾಲ್ ಪಂದ್ಯವನ್ನು ಪೆನ್ಸಿಲ್ ಹಿಡಿದು ನೋಡುವ ಒಂದು ವರ್ಗವಿದೆ. ಬ್ಯಾಟರ್ ಮೂರನೇ ಸ್ಟ್ರೈಕಿಗೆ ಬ್ಯಾಟ್ ಬೀಸಿ ಚೆಂಡು ಸಿಗದೆ ಔಟಾದರೆ ಇವರು ಸ್ಕೋರ್ ಕಾರ್ಡಿನ ಚೌಕದಲ್ಲಿ ಇಂಗ್ಲಿಷಿನ ‘ಕೆ’ ಅಕ್ಷರ ಬರೆಯುತ್ತಾರೆ. ಬ್ಯಾಟ್ ಬೀಸದೆ ಸುಮ್ಮನೆ ನಿಂತು ಔಟಾದರೆ ಅದೇ ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯುತ್ತಾರೆ. ‘ಕೆ’ ಬಳಕೆಗೆ ತಂದವನು ಹೆನ್ರಿ ಚಾಡ್ವಿಕ್, ಇಂಗ್ಲೆಂಡಿನಲ್ಲಿ ಹುಟ್ಟಿ ನ್ಯೂಯಾರ್ಕಿನ ಪತ್ರಿಕೆಗಳಿಗೆ ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದವನು. ‘ಸ್ಟ್ರಕ್’ ಎಂಬ ಪದದ ಕೊನೆಯ ಅಕ್ಷರವನ್ನು ಆರಿಸಿಕೊಂಡ. ಕ್ರಿಕೆಟ್ ನೋಡಿ ಬೆಳೆದ ನಮಗೆ ಈ ಆಟ ಅಷ್ಟೇನೂ ಪರಕೀಯವಲ್ಲ ಅನ್ನುವುದಕ್ಕೆ ಇದೂ ಒಂದು ಸಾಕ್ಷಿ.

2025ರ ಜುಲೈ 2ರ ರಾತ್ರಿ ಲಾಸ್ ಏಂಜಲೀಸಿನ ಡಾಡ್ಜರ್ ಸ್ಟೇಡಿಯಂನಲ್ಲಿ ಇಂಥ ಮೂರು ‘ಕೆ’ಗಳಿಗಾಗಿ ಜನ ಕಾದಿದ್ದರು. ನಮ್ಮಲ್ಲಿ ಆಗ ಜುಲೈ 3ರ ಬೆಳಿಗ್ಗೆ, ಎಂಟರ ಆಸುಪಾಸು. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಎಡಗೈ ಪಿಚರ್, ಅಂದರೆ ಚೆಂಡು ಎಸೆಯುವವನು, ಕ್ಲೇಟನ್ ಕರ್ಶಾ 2,997 ಸ್ಟ್ರೈಕ್‌ಔಟುಗಳ, ಅಂದರೆ ಅಷ್ಟು ‘ಕೆ’ಗಳ, ಲೆಕ್ಕದೊಂದಿಗೆ ಪಿಚರ್ ನಿಂತು ಎಸೆಯುವ ದಿಬ್ಬ ಹತ್ತಿದ್ದ. ಎದುರಿಗಿದ್ದದ್ದು ಷಿಕಾಗೋ ವೈಟ್ ಸಾಕ್ಸ್, ಹಿಂದಿನ ವರ್ಷವಷ್ಟೇ 121 ಪಂದ್ಯ ಸೋತು ಕುಖ್ಯಾತಿ ಪಡೆದ ತಂಡ. ಇಲ್ಲಿ ಮೂವರು ಔಟಾದರೆ ಒಂದು ತಂಡದ ಇನ್ನಿಂಗ್ ಮುಗಿಯಿತು, ಒಟ್ಟು ಒಂಬತ್ತು ಇನ್ನಿಂಗ್. ಮೂರೇ ಮೂರು ತಾನೆ, ಎರಡನೇ ಇನ್ನಿಂಗ್ ಮುಗಿಯುವಷ್ಟರಲ್ಲಿ ಆಗಿಹೋಗುತ್ತದೆ ಅಂತ ಎಲ್ಲರೂ ಎಣಿಸಿದ್ದರು. ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದೇ ಆ ರಾತ್ರಿಯ ಸ್ವಾರಸ್ಯ.

ಮೊದಲು ಅಳತೆಗಳನ್ನು ಹೇಳಿಬಿಡುತ್ತೇನೆ. ಪಿಚರ್ ಕಾಲಿಡುವ ರಬ್ಬರ್ ಪಟ್ಟಿಯಿಂದ ಬ್ಯಾಟರನ ಪಕ್ಕದ ಹೋಮ್ ಪ್ಲೇಟಿಗೆ 60 ಅಡಿ 6 ಇಂಚು. ನಮ್ಮ ಪಿಚ್ 22 ಗಜ, ಅಂದರೆ 66 ಅಡಿ. ದಿಬ್ಬದ ಎತ್ತರ 10 ಇಂಚು, ಪ್ಲೇಟಿನ ಅಗಲ 17 ಇಂಚು. ಚೆಂಡಿನ ತೂಕ 142ರಿಂದ 149 ಗ್ರಾಂ, ಕ್ರಿಕೆಟ್ ಚೆಂಡಿಗಿಂತ ಒಂದು ತೂಕ ಕಡಿಮೆಯೇ. ಇಲ್ಲಿ ಚೆಂಡು ನೆಲಕ್ಕೆ ಬಡಿಯುವುದಿಲ್ಲ. ಮೋಸವೆಲ್ಲ ಗಾಳಿಯಲ್ಲೇ ನಡೆಯಬೇಕು. ಪ್ಲೇಟಿನ ಮೇಲೆ, ಬ್ಯಾಟರನ ಮೊಣಕಾಲಿನಿಂದ ಎದೆಯ ನಡುವಿನವರೆಗಿನ ಜಾಗದಲ್ಲಿ ಹಾದುಹೋದರೆ ಸ್ಟ್ರೈಕ್. ಫೌಲ್, ಅಂದರೆ ಗೆರೆಗಳಾಚೆ, ಹೊಡೆದರೂ ಸ್ಟ್ರೈಕೇ, ಆದರೆ ಎರಡು ಸ್ಟ್ರೈಕ್ ಆದ ಮೇಲೆ ಎಷ್ಟು ಫೌಲ್ ಹೊಡೆದರೂ ಅದು ಸಾಮಾನ್ಯವಾಗಿ ಮೂರನೇ ಸ್ಟ್ರೈಕ್ ಆಗುವುದಿಲ್ಲ. ಮೈಲಿಗಲ್ಲಿನ ಹೊಸ್ತಿಲಲ್ಲಿ ನಿಂತ ಪಿಚರನ ಜೀವ ತಿನ್ನುವುದು ಈ ಕೊನೆಯ ನಿಯಮವೇ.

ಕರ್ಶಾನಿಗೆ ಆಗ 37 ವರ್ಷ. 2008ರ ಮೇ 25ರಂದು ಇದೇ ಮೈದಾನದಲ್ಲಿ, ಸೇಂಟ್ ಲೂಯಿಸ್ ಕಾರ್ಡಿನಲ್ಸ್ ವಿರುದ್ಧ ಮೊದಲ ಬಾರಿ ಆಡಿದಾಗ 20. ಅಂದು ಎದುರಿಸಿದ ಮೊದಲ ಬ್ಯಾಟರ್ ಸ್ಕಿಪ್ ಶೂಮೇಕರನೇ ಮೊದಲ ಸ್ಟ್ರೈಕ್‌ಔಟ್. ಆ ದಿನದ ಲೆಕ್ಕ ಏಳು. ಆಗ ಫಾಸ್ಟ್‌ಬಾಲ್ ಗಂಟೆಗೆ 150 ಕಿ.ಮೀ. ದಾಟುತ್ತಿತ್ತು. ಜೊತೆಗೊಂದು ಕರ್ವ್‌ಬಾಲ್, ಗಡಿಯಾರದ ಹನ್ನೆರಡರಿಂದ ಆರಕ್ಕೆ ಬಿದ್ದಂತೆ ನೇರ ಕೆಳಗೆ ಕುಸಿಯುವಂಥದ್ದು. ಆ ವರ್ಷದ ಅಭ್ಯಾಸ ಪಂದ್ಯವೊಂದರಲ್ಲಿ ಅದನ್ನು ನೋಡಿದ ವೀಕ್ಷಕ ವಿವರಣೆಕಾರ ವಿನ್ ಸ್ಕಲ್ಲಿ ‘ಪಬ್ಲಿಕ್ ಎನಿಮಿ ನಂಬರ್ ಒನ್’ ಅಂದುಬಿಟ್ಟಿದ್ದ.

2025ಕ್ಕೆ ಬರುವಷ್ಟರಲ್ಲಿ ಫಾಸ್ಟ್‌ಬಾಲಿನ ಸರಾಸರಿ 143 ಕಿ.ಮೀ.ಗೆ ಇಳಿದಿತ್ತು. ಈಗಿನ ಕಾಲಕ್ಕೆ ಇದು ತೀರಾ ಸಾಧಾರಣ. ಎರಡನೇ ದರ್ಜೆಯ ಹುಡುಗರೂ ಇದಕ್ಕಿಂತ ಬಿರುಸಾಗಿ ಎಸೆಯುತ್ತಾರೆ. ಬೆನ್ನಿನ ಡಿಸ್ಕ್ ತೊಂದರೆ 2016ರಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಕೂರಿಸಿತ್ತು. 2023ರ ನವೆಂಬರಿನಲ್ಲಿ ಎಡ ಭುಜಕ್ಕೆ ಶಸ್ತ್ರಚಿಕಿತ್ಸೆ, ಮರುವರ್ಷ ಕಾಲ್ಬೆರಳು ಮತ್ತು ಮಂಡಿಗೆ. ಹಾಗಾದರೆ ಸ್ಟ್ರೈಕ್‌ಔಟ್ ಸಿಗುತ್ತಿದ್ದದ್ದು ಹೇಗೆ? ಸ್ಲೈಡರಿನಿಂದ. 2009ರಲ್ಲಿ ಕಲಿತ ಎಸೆತ ಅದು. ಸ್ಲೈಡರ್ ಅಂದರೆ ಬೆರಳುಗಳನ್ನು ಚೆಂಡಿನ ನಡುವಿನಿಂದ ತುಸು ಪಕ್ಕಕ್ಕೆ ಸರಿಸಿ ಹಿಡಿದು, ಮಣಿಕಟ್ಟನ್ನು ತಿರುಚದೆ, ಫಾಸ್ಟ್‌ಬಾಲ್ ಎಸೆದಷ್ಟೇ ರಭಸದಲ್ಲಿ ಕೈ ಬೀಸುವುದು. ಮಣಿಕಟ್ಟು ತಿರುಚಿದರೆ ಚೆಂಡು ದೊಡ್ಡದಾಗಿ, ನಿಧಾನವಾಗಿ ಬಾಗುತ್ತದೆ. ಬ್ಯಾಟರಿಗೆ ಮೊದಲೇ ಗೊತ್ತಾಗಿಬಿಡುತ್ತದೆ. ಬೆರಳು ಬೇಗ ಬಿಟ್ಟರೆ ಚೆಂಡು ಇಳಿಯದೆ ಪ್ಲೇಟಿನ ಮಧ್ಯದಲ್ಲೇ ತೇಲುತ್ತದೆ. ಅಂಥದ್ದು ಗ್ಯಾಲರಿ ಸೇರುವುದೇ ಹೆಚ್ಚು. ಕರ್ಶಾನ ಸ್ಲೈಡರ್ ಅಗಲವಾಗಿ ಓಡುವಂಥದ್ದಲ್ಲ. ಸುಮಾರು 137 ಕಿ.ಮೀ. ವೇಗದಲ್ಲಿ ಫಾಸ್ಟ್‌ಬಾಲಿನ ದಾರಿಯಲ್ಲೇ ಬಂದು, ಕೊನೆಯ ಕೆಲವು ಅಡಿಗಳಲ್ಲಿ ಒಂದು ಗೇಣಿಗಿಂತ ಕಡಿಮೆ ಜಾರುತ್ತದೆ. ಎರಡರ ನಡುವಿನ ವೇಗದ ಅಂತರ ಇಷ್ಟು ಕಡಿಮೆಯಿರುವಾಗ, ಅರ್ಧ ಸೆಕೆಂಡಿನೊಳಗೆ ಯಾವುದು ಯಾವುದು ಅಂತ ಬ್ಯಾಟರ್ ಹೇಗೆ ಹೇಳಬೇಕು? ಇನ್ನು ಕರ್ವ್‌ಬಾಲ್ 116 ಕಿ.ಮೀ. ಆಸುಪಾಸಿನಲ್ಲಿ ಬಂದು ಆ ಲೆಕ್ಕಾಚಾರವನ್ನೆಲ್ಲ ಕೆಡಿಸುತ್ತದೆ.

ಎಸೆಯುವ ಭಂಗಿಯನ್ನೂ ಹೇಳಬೇಕು. ಎರಡೂ ಕೈ ತಲೆಯ ಮೇಲಕ್ಕೆ ಹೋಗುತ್ತವೆ, ಬಲಗಾಲು ಮೇಲೇಳುತ್ತದೆ, ಆಮೇಲೆ ಅದೇ ಕಾಲು ನೇರ ಕೆಳಗಿಳಿದು ಒಂದು ಕ್ಷಣ ಅರೆಬರೆ ನಿಂತಂತೆ ತಡೆಯುತ್ತದೆ. ಯಾವ ಕೋಚೂ ಹುಡುಗರಿಗೆ ಹೇಳಿಕೊಡದ ತಡೆ ಅದು. ಹದಿನೆಂಟು ವರ್ಷ ಅದರಲ್ಲಿ ಬದಲಾವಣೆಯೇ ಇಲ್ಲ.

ಈಗ ಆ ರಾತ್ರಿಗೆ ಬರೋಣ. ಮೊದಲೆರಡು ಇನ್ನಿಂಗಿನಲ್ಲಿ ಒಂದೂ ಸ್ಟ್ರೈಕ್‌ಔಟ್ ಇಲ್ಲ. ಎರಡು ಸ್ಟ್ರೈಕ್ ಆದಾಗಲೆಲ್ಲ ಇಡೀ ಸ್ಟೇಡಿಯಂ ಎದ್ದು ನಿಲ್ಲುತ್ತಿತ್ತು. ಬ್ಯಾಟರ್ ಫೌಲ್ ಹೊಡೆಯುತ್ತಿದ್ದ, ಇಲ್ಲವೇ ಹೇಗೋ ಚೆಂಡನ್ನು ಮೈದಾನದೊಳಕ್ಕೆ ತಳ್ಳುತ್ತಿದ್ದ. ಜನ ಉಸ್ಸೆಂದು ಕೂರುತ್ತಿದ್ದರು. ಔಟ್ ಮಾಡುವುದೇ ಬೇರೆ, ಸ್ಟ್ರೈಕ್‌ಔಟ್ ಮಾಡುವುದೇ ಬೇರೆ. ಔಟಷ್ಟೇ ಬೇಕಿದ್ದರೆ ಅಂಚಿಗೆ ಹಾಕಿ, ಬ್ಯಾಟರ್ ಅರೆಮನಸ್ಸಿನಿಂದ ನೆಲಕ್ಕೆ ಹೊಡೆಯಲಿ ಅಂತ ಬಿಡಬಹುದು, ಎರಡು ಮೂರು ಎಸೆತದಲ್ಲಿ ಕೆಲಸ ಮುಗಿಯುತ್ತದೆ. ಸ್ಟ್ರೈಕ್‌ಔಟ್ ಬೇಕೆಂದು ಹೊರಟರೆ ಐದು, ಆರು, ಏಳು ಎಸೆತ ಬೇಕು. ಬೇಕು ಬೇಕು ಅಂದುಕೊಂಡಾಗ ಕೈ ಬಿಗಿಯುತ್ತದೆ, ಚೆಂಡು ಅಂಚು ಬಿಟ್ಟು ನಡುವಿಗೆ ಬರುತ್ತದೆ. ಆಗಿದ್ದೂ ಅದೇ. ಆರು ಇನ್ನಿಂಗಿನಲ್ಲಿ 9 ಹಿಟ್ (ಬ್ಯಾಟರನ್ನು ಬೇಸಿಗೆ ಮುಟ್ಟಿಸಿದ ಹೊಡೆತ), 4 ರನ್. ಕರ್ಶಾನ ಮಟ್ಟಕ್ಕೆ ಅದೇನೂ ಒಳ್ಳೆಯ ರಾತ್ರಿಯಲ್ಲ.

ಮೂರನೇ ಇನ್ನಿಂಗಿನಲ್ಲಿ ಮಿಗೆಲ್ ವರ್ಗಾಸ್ ಔಟಾದ, 2,998. ಹಿಂದಿನ ವರ್ಷದವರೆಗೂ ಇದೇ ಡಾಡ್ಜರ್ಸ್ ಡಗೌಟಿನಲ್ಲಿ ಕೂರುತ್ತಿದ್ದವನು. ಐದನೇ ಇನ್ನಿಂಗಿನಲ್ಲಿ ಲೆನಿನ್ ಸೋಸಾ, 2,999. ಐದು ಮುಗಿದಾಗ ಎಸೆತಗಳ ಲೆಕ್ಕ 92.

ಸಾಮಾನ್ಯ ದಿನವಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಈಗಿನ ತಂಡಗಳು 90 ದಾಟುತ್ತಲೇ ಪಿಚರನ್ನು ತೆಗೆಯುತ್ತವೆ. ದಣಿವು ಒಂದು ಕಾರಣ. ಅದಕ್ಕಿಂತ ದೊಡ್ಡದು, ಅದೇ ಬ್ಯಾಟರುಗಳು ಮೂರನೇ ಸುತ್ತು ಬರುವಷ್ಟರಲ್ಲಿ ಕೈಚಳಕವನ್ನೆಲ್ಲ ಓದಿಕೊಂಡಿರುತ್ತಾರೆ ಅನ್ನುವುದು. ಮ್ಯಾನೇಜರ್ ಡೇವ್ ರಾಬರ್ಟ್ಸ್ ಈ ಲೆಕ್ಕವನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಾನೆ ಎಂದರೆ, 2022ರ ಏಪ್ರಿಲಿನಲ್ಲಿ ಮಿನೆಸೋಟದಲ್ಲಿ ಏಳು ಇನ್ನಿಂಗ್ ಒಬ್ಬ ಬ್ಯಾಟರನ್ನೂ ಬೇಸಿಗೆ ಬಿಡದೆ, 13 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ್ದ ಇದೇ ಕರ್ಶಾನನ್ನು 80 ಎಸೆತಕ್ಕೇ ನಿಲ್ಲಿಸಿದ್ದ. ಪರ್ಫೆಕ್ಟ್ ಗೇಮ್ ಅನ್ನುವ ಅಪರೂಪದ ಗೌರವಕ್ಕೆ ಎರಡೇ ಇನ್ನಿಂಗ್ ಬಾಕಿಯಿತ್ತು. ಅಂದು ಚಳಿ, ಆ ಋತುವಿನಲ್ಲಿ ಅವನ ಮೊದಲ ಪಂದ್ಯ, ತೋಳು ಇನ್ನೂ ಹದಕ್ಕೆ ಬಂದಿರಲಿಲ್ಲ. ನಿರ್ಧಾರ ಸರಿಯೇ ಇತ್ತು ಅನ್ನುವುದು ನನ್ನ ಮತ. ಒಪ್ಪದವರು ಈಗಲೂ ಬೇಕಾದಷ್ಟು ಜನ. ಈ ಸಲ ಅದೇ ರಾಬರ್ಟ್ಸ್ ಆರನೇ ಇನ್ನಿಂಗಿಗೂ ಕಳಿಸಿದ. ದಿಬ್ಬದತ್ತ ನಡೆದು ಬಂದಾಗ ಎದ್ದ ಕೂಗು ಟಿವಿಯ ಶಬ್ದ ತಗ್ಗಿಸುವಷ್ಟು ಜೋರು.

ದೆಹಲಿಯ ಕೋಟ್ಲಾದಲ್ಲಿ 1999ರ ಫೆಬ್ರವರಿಯಲ್ಲಿ ಕುಂಬ್ಳೆಗೆ ಹತ್ತನೇ ವಿಕೆಟ್ ಉಳಿಯಲಿ ಅಂತ ಶ್ರೀನಾಥ್ ಸ್ಟಂಪಿನಿಂದ ದೂರ ದೂರ ಎಸೆದದ್ದು ನೆನಪಿರಬೇಕಲ್ಲ. ಬೇಸ್‌ಬಾಲಿನಲ್ಲಿ ಜೊತೆಗಾರ ಹಾಗೆ ಕೈಹಿಡಿಯಲಾರ, ಆ ತುದಿಯಿಂದ ಎಸೆಯುವವರೇ ಇಲ್ಲ. ಇನ್ನೊಂದು ಇನ್ನಿಂಗ್ ಕೊಡುವುದೊಂದೇ ತಂಡಕ್ಕಿರುವ ದಾರಿ.

ಆ ಇನ್ನಿಂಗ್ ಕೂಡ ನೆಟ್ಟಗೆ ಸಾಗಲಿಲ್ಲ. ಎರಡನೇ ಬೇಸಿನಲ್ಲಿದ್ದ ವೈಟ್ ಸಾಕ್ಸ್‌ನ ಮೈಕಲ್ ಟೇಲರ್ ಮೂರನೆಯದನ್ನು ಕದಿಯಲು, ಅಂದರೆ ಹೊಡೆತಕ್ಕೆ ಕಾಯದೆ ಮುಟ್ಟಲು, ಓಡಿ, ತಲೆ ಮುಂದೆ ಮಾಡಿ ಜಾರಿದ. ಹೆಲ್ಮೆಟ್ಟು ಹೋಗಿ ಮೂರನೇ ಬೇಸ್ ಕಾಯುತ್ತಿದ್ದ ಡಾಡ್ಜರ್ಸ್ ಆಟಗಾರ ಮ್ಯಾಕ್ಸ್ ಮನ್ಸಿಯ ಎಡ ಮಂಡಿಗೆ ಅಪ್ಪಳಿಸಿತು. ಟೇಲರ್ ಔಟ್, ಆದರೆ ಮನ್ಸಿ ನೆಲದ ಮೇಲೆ. ಮೈದಾನ ಸ್ತಬ್ಧವಾಯಿತು. ಮನ್ಸಿಯನ್ನು ಕರೆದುಕೊಂಡು ಹೋಗುವವರೆಗೆ ಕರ್ಶಾ ಚೆಂಡು ಹಿಡಿದು ನಿಂತಿರಬೇಕಾಯಿತು. ಲಯದ ಮೇಲೆ ಬದುಕುವ ಪಿಚರಿಗೆ ಇಂಥ ತಡೆ ದೊಡ್ಡ ಕೇಡು: ಭುಜ ತಣ್ಣಗಾಗುತ್ತದೆ, ಮನಸ್ಸು ಬೇರೆಡೆ ಹೋಗುತ್ತದೆ.

ಎರಡು ಔಟ್. ಬ್ಯಾಟ್ ಹಿಡಿದು ಬಂದವನು ವಿನ್ನಿ ಕ್ಯಾಪ್ರಾ, ಬಲಗೈ ಬ್ಯಾಟರ್. ಒಂದು ಬಾಲ್ (ಸ್ಟ್ರೈಕಿನ ಜಾಗದಿಂದ ಆಚೆ ಹೋದ ಎಸೆತ), ಎರಡು ಸ್ಟ್ರೈಕ್. ಎಡಗೈ ಪಿಚರನ ಸ್ಲೈಡರ್ ಬಲಗೈ ಬ್ಯಾಟರನ ಮೈಕಡೆಗೆ ಜಾರುವುದು ರೂಢಿ. ಕಾಲಿನ ಹತ್ತಿರ ಹಾಕಿ ಬೀಸಿಸುವುದು ಕರ್ಶಾನ ಹಳೆಯ ಪಟ್ಟು. ಈ ಸಲ ಅದನ್ನೇ ಹೊರಗಿನಿಂದ ಶುರುಮಾಡಿದ. ಪ್ಲೇಟಿನಿಂದ ಆಚೆ ಹೋಗುತ್ತಿದೆ, ಬಿಟ್ಟುಬಿಡಬಹುದು ಅಂತ ಕಂಡ ಚೆಂಡು, ಕೊನೆಯಲ್ಲಿ ಒಳಕ್ಕೆ ಜಾರಿ ಹೊರ ಅಂಚಿನ ಕಪ್ಪು ಗೆರೆಯನ್ನು ಸವರಿತು. ಕ್ಯಾಪ್ರಾ ಬ್ಯಾಟ್ ಎತ್ತಲಿಲ್ಲ. ಅಂಪೈರ್ ಜಿಮ್ ವುಲ್ಫ್ ಕೈ ಎತ್ತಿದ. ನೂರನೇ ಎಸೆತ, ಮೂರು ಸಾವಿರ. ಚೌಕದಲ್ಲಿ ತಿರುಗಿಸಿ ಬರೆದ ‘ಕೆ’.

ಕರ್ಶಾ ಕುಣಿಯಲಿಲ್ಲ. ಡಗೌಟಿನತ್ತ ನಡೆದ, ಮತ್ತೆ ಹೊರಬಂದು ಟೋಪಿ ತೆಗೆದು ಜನರಿಗೆ ತೋರಿಸಿದ. ಮನ್ಸಿಯ ಮಂಡಿಯ ಚಿಂತೆ ಎಲ್ಲರ ಮುಖದಲ್ಲೂ ಇತ್ತು. ಪಂದ್ಯದಲ್ಲಿ ತಂಡ ಹಿಂದಿತ್ತು. ಒಂಬತ್ತನೇ ಇನ್ನಿಂಗಿನಲ್ಲಿ ಫ್ರೆಡ್ಡಿ ಫ್ರೀಮನ್ ಹೊಡೆತದಿಂದ 5-4ರಲ್ಲಿ ಗೆದ್ದುಕೊಂಡಿತು. ಗೆಲುವು ಕರ್ಶಾನ ಖಾತೆಗೆ ಹೋಗಲಿಲ್ಲ.

ಮೂರು ಸಾವಿರದ ಬೆಲೆ ಗೊತ್ತಾಗಬೇಕಾದರೆ ಇಷ್ಟು ಸಾಕು: ಆ ಪಟ್ಟಿಯಲ್ಲಿ ಕರ್ಶಾ 20ನೆಯವನು. 1923ರಲ್ಲಿ ವಾಲ್ಟರ್ ಜಾನ್ಸನ್ ಮುಟ್ಟಿದ ಮೇಲೆ ಎರಡನೆಯವನಾಗಿ ಬಾಬ್ ಗಿಬ್ಸನ್ ಬರಲು 1974 ಆಗಬೇಕಾಯಿತು. ಎಡಗೈಯವರು ಸ್ಟೀವ್ ಕಾರ್ಲ್‌ಟನ್, ರ‍್ಯಾಂಡಿ ಜಾನ್ಸನ್, ಸಿ.ಸಿ. ಸಬಾಥಿಯಾ, ಈಗ ಕರ್ಶಾ, ನಾಲ್ಕೇ ಜನ. ಬಾಳೆಲ್ಲ ಒಂದೇ ತಂಡಕ್ಕೆ ಆಡಿ ಅಲ್ಲಿಗೆ ತಲುಪಿದವರಂತೂ ವಾಲ್ಟರ್ ಜಾನ್ಸನ್, ಗಿಬ್ಸನ್ ಬಿಟ್ಟರೆ ಇವನೊಬ್ಬ. ವರ್ಷಕ್ಕೆ 200ರಂತೆ ತೆಗೆದರೂ ಹದಿನೈದು ವರ್ಷ ಬೇಕು, ಈಗಿನ ತಂಡಗಳು ಅಷ್ಟು ವರ್ಷ ಅಷ್ಟು ಇನ್ನಿಂಗ್ ಕೊಡುವುದು ಅಪರೂಪ.

ಆದರೂ ಕರ್ಶಾನ ಅತ್ಯುತ್ತಮ ದಿನ ಯಾವುದು ಅಂದರೆ ನಾನು ಇದನ್ನು ಹೇಳುವುದಿಲ್ಲ. 2014ರ ಜೂನ್ 18ರಂದು ಕೊಲೊರಾಡೊ ರಾಕೀಸ್ ವಿರುದ್ಧ ಒಂದೂ ಹಿಟ್ ಕೊಡದೆ 15 ಜನರನ್ನು ಸ್ಟ್ರೈಕ್‌ಔಟ್ ಮಾಡಿದ ರಾತ್ರಿ, ಅದು. ಒಬ್ಬರಿಗೂ ವಾಕ್ (ನಾಲ್ಕು ಬಾಲ್ ಆದರೆ ಸಿಗುವ ಪುಕ್ಕಟೆ ಬೇಸ್) ಇಲ್ಲ. ಬೇಸ್ ಮುಟ್ಟಿದವನು ಒಬ್ಬನೇ, ಅದೂ ಎರಡನೇ, ಮೂರನೇ ಬೇಸುಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಹ್ಯಾನ್ಲಿ ರಮೀರೆಜ್ ತಪ್ಪಾಗಿ ಎಸೆದಿದ್ದರಿಂದ. ಆ ವರ್ಷ 21 ಗೆಲುವು, 3 ಸೋಲು, ಅತ್ಯುತ್ತಮ ಪಿಚರಿಗೆ ಕೊಡುವ ಸೈ ಯಂಗ್ ಪ್ರಶಸ್ತಿ ಮೂರನೇ ಬಾರಿ, ಜೊತೆಗೆ ಪಿಚರುಗಳಿಗೆ ಅಪರೂಪಕ್ಕೆ ಸಿಗುವ ಎಂವಿಪಿ, ಅಂದರೆ ಅತ್ಯಮೂಲ್ಯ ಆಟಗಾರ ಪ್ರಶಸ್ತಿ. ಮರುವರ್ಷ 301 ಸ್ಟ್ರೈಕ್‌ಔಟ್. ಅಕ್ಟೋಬರ್ ತಿಂಗಳ ನಾಕ್‌ಔಟ್ ಪಂದ್ಯಗಳಲ್ಲಿ ಪೆಟ್ಟು ತಿಂದದ್ದೂ ಲೆಕ್ಕಕ್ಕೆ ಸೇರಬೇಕು. 2023ರಲ್ಲಿ ಅರಿಜೋನಾ ಎದುರು ಒಂದೇ ಒಂದು ಔಟ್ ಪಡೆಯುವಷ್ಟರಲ್ಲಿ 6 ರನ್ ಕೊಟ್ಟು ಹೊರನಡೆದದ್ದನ್ನು ಅಭಿಮಾನಿಗಳು ಮರೆತಿಲ್ಲ.

2025ರ ಸೆಪ್ಟೆಂಬರ್ 18ರಂದು ಕರ್ಶಾ ನಿವೃತ್ತಿ ಘೋಷಿಸಿದ. ಲೀಗ್ ಪಂದ್ಯಗಳ ಕೊನೆಯ ಲೆಕ್ಕ 223 ಗೆಲುವು, 96 ಸೋಲು, 3,052 ಸ್ಟ್ರೈಕ್‌ಔಟ್. ಟೊರಾಂಟೊ ಬ್ಲೂ ಜೇಸ್ ವಿರುದ್ಧದ ವರ್ಲ್ಡ್ ಸೀರೀಸಿನ, ಅಂದರೆ ಅಂತಿಮ ಸರಣಿಯ, ಮೂರನೇ ಪಂದ್ಯ 18 ಇನ್ನಿಂಗ್ ಎಳೆಯಿತು. ಅದರ ಹನ್ನೆರಡನೆಯದರಲ್ಲಿ, ಮೂರೂ ಬೇಸ್ ತುಂಬಿ ಎರಡು ಔಟ್ ಆಗಿದ್ದಾಗ, ಒಬ್ಬನೇ ಬ್ಯಾಟರಿಗಾಗಿ ಕರೆಸಿದರು. ನೇಥನ್ ಲೂಕ್ಸ್ ಚೆಂಡನ್ನು ಎರಡನೇ ಬೇಸಿನ ಕಡೆಗೆ ಉರುಳಿಸಿದ. ಎರಡನೇ ಬೇಸ್ ಕಾಯುವ ಟಾಮಿ ಎಡ್ಮನ್ ಅದನ್ನು ಗ್ಲೌಸಿನಿಂದಲೇ ಮೊದಲ ಬೇಸಿನ ಫ್ರೀಮನ್ ಕಡೆಗೆ ಚಿಮ್ಮಿಸಿದ, ಔಟ್. ಡಾಡ್ಜರ್ಸ್ ಪರ ಕರ್ಶಾ ಎದುರಿಸಿದ ಕೊನೆಯ ಬ್ಯಾಟರ್ ಲೂಕ್ಸನೇ. ಸ್ಕೋರ್ ಕಾರ್ಡಿನ ಆ ಚೌಕದಲ್ಲಿ ‘ಕೆ’ ಇಲ್ಲ. 4-3 ಅಂತಿದೆ, ಎರಡನೇ ಬೇಸಿನವನಿಂದ (4) ಮೊದಲ ಬೇಸಿನವನಿಗೆ (3) ಅಂತ ಅರ್ಥ.