ಮೂರು ದೇಶ ಸೇರುವ ಜಾಗ ಒಟ್ಟು ಎಷ್ಟಿವೆ, ಮೇಷ್ಟ್ರೇ?

ಬಂಗಾರಪೇಟೆಯ ನಮ್ಮ ಮನೆಗೆ ಬಂದವರೆಲ್ಲ ಗೋಡೆಯ ಮೇಲಿನ ಪ್ರಪಂಚದ ನಕ್ಷೆ ನೋಡುತ್ತಾ ನಿಂತುಬಿಡುತ್ತಾರೆ. ಮೂರು ದೇಶಗಳ ಗಡಿ ಕೂಡುವ ಕಡೆಯೆಲ್ಲ ಕೆಂಪು ಗುಂಡುಪಿನ್ನು ಚುಚ್ಚಿದ್ದೇನೆ. ಆಮೇಲೆ ಇದೇ ಪ್ರಶ್ನೆ.

ನದಿ, ಸರೋವರಗಳಲ್ಲಿ ಬೀಳುವವನ್ನೂ ಸೇರಿಸಿದರೆ ಸುಮಾರು 175. ಈ 'ಸುಮಾರು' ಯಾಕೆ ಅನ್ನುವುದು ಹೊಲ ಇರುವವರಿಗೆ ಬೇಗ ಅರ್ಥವಾಗುತ್ತದೆ. ನಮ್ಮ ರಾಗಿ ಹೊಲದ ಮೂಲೆಯಲ್ಲಿ, ಮೂರು ಸರ್ವೆ ನಂಬರು ಸೇರುವ ಕಡೆ, ಮೊಣಕಾಲುದ್ದದ ಬಾಂದುಕಲ್ಲು ವಾಲಿಕೊಂಡಿತ್ತು. ನಾನು ಹುಡುಗನಾಗಿದ್ದಾಗ ಅದನ್ನು ಸರಿಯಾಗಿ ನೆಡಲು ಸರ್ವೆಯವರು ಚೈನು ಹಿಡಿದು ಬಂದರು. ನಮ್ಮಪ್ಪ ಒಪ್ಪಿದರು, ಪಕ್ಕದ ಹೊಲದವರೂ ಒಪ್ಪಿದರು. ಮೂರನೇ ಹೊಲದ ತಾತ ಕುಪ್ಪಂನಲ್ಲಿ ಮಗಳ ಮನೆಗೆ ಹೋಗಿದ್ದರು. ಅವರಿಲ್ಲದೆ ಆಗಲ್ಲ ಅಂತ ಚೈನು ಸುತ್ತಿಕೊಂಡು ಹೊರಟೇಬಿಟ್ಟರು.

ದೇಶಗಳದ್ದೂ ಹೀಗೇ. ಕಾನ್‌ಸ್ಟನ್ಸ್ ಸರೋವರದ ದಡದಲ್ಲಿ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಮೂರೂ ಇವೆ. ಜಗಳವೇನೂ ಇಲ್ಲ, ಆದರೆ ನೀರಿನ ಮೇಲೆ ಗಡಿ ಎಲ್ಲಿ ಅಂತ ಮೂರೂ ಸೇರಿ ತೀರ್ಮಾನಿಸಿಲ್ಲ. ಅಲ್ಲಿ ಪಿನ್ನು ಹಾಕಿಲ್ಲ. ಆಫ್ರಿಕಾದ ಕಜುಂಗುಲಾದಲ್ಲಿ ನಾಲ್ಕು ದೇಶ ಒಂದೇ ಬಿಂದುವಿನಲ್ಲಿ ಸೇರುತ್ತವೆ ಅಂತ ಬಹಳ ಜನ ನಂಬಿದ್ದಾರೆ. ಅಲ್ಲಿರುವುದು ಎರಡು ಬಿಂದು. ಬೋಟ್ಸ್ವಾನಾ, ಜಾಂಬಿಯಾ ಎರಡಕ್ಕೂ ಸೇರಿವೆ. ಒಂದರಲ್ಲಿ ನಮೀಬಿಯಾ ಕೂಡುತ್ತದೆ, ಇನ್ನೊಂದರಲ್ಲಿ ಜಿಂಬಾಬ್ವೆ. ನಡುವೆ ಜಾಂಬೆಜಿ ನದಿಯಲ್ಲಿ ಸುಮಾರು 150 ಮೀಟರ್ ದೂರ. ನನ್ನ ನಕ್ಷೆಯಲ್ಲಿ ಎರಡು ಪಿನ್ನಿಗೆ ಜಾಗ ಸಾಲಲಿಲ್ಲ. ಒಂದನ್ನೇ ಚುಚ್ಚಿ ಪಕ್ಕದಲ್ಲಿ '2' ಅಂತ ಬರೆದೆ. ಚೀನಾ ಒಂದಕ್ಕೇ ಇಂಥ 16 ಬಿಂದು, ಇಷ್ಟು ಬೇರೆ ಯಾವ ದೇಶಕ್ಕೂ ಇಲ್ಲ.

ಕಡಲಿನವು ಬೇರೆ ಲೆಕ್ಕ, ನೀಲಿ ಪಿನ್ನು. ನನಗೆ ತುಂಬಾ ಇಷ್ಟವಾದದ್ದು ಭಾರತ, ಶ್ರೀಲಂಕಾ, ಮಾಲ್ಡೀವ್ಸ್ ಮೂರೂ ಕೂತು 1976ರಲ್ಲಿ ಗೊತ್ತುಮಾಡಿಕೊಂಡ ಬಿಂದು. ಅಲ್ಲಿ ಕಲ್ಲಿಲ್ಲ, ಕಂಬವಿಲ್ಲ, ಬರೀ ಅಕ್ಷಾಂಶ ರೇಖಾಂಶ. 1978ರಲ್ಲಿ ಇಂಡೋನೇಷ್ಯಾ, ಥಾಯ್ಲೆಂಡ್ ಜೊತೆ ಅಂಡಮಾನ್ ಸಮುದ್ರದಲ್ಲೂ ಒಂದಾಯಿತು. ಹಾಗೆ ಒಪ್ಪಂದವಾಗದ ಕಡಲುಗಳು ಇನ್ನೂ ಎಷ್ಟೋ ಇರುವುದರಿಂದ ನೀಲಿಗೆ ನಾನು ಮೊತ್ತ ಹೇಳುವುದಿಲ್ಲ.

'ಕರ್ನಾಟಕ, ಆಂಧ್ರ, ತಮಿಳುನಾಡು ನಮ್ಮ ಕೋಲಾರ ಜಿಲ್ಲೆಯಲ್ಲೇ ಸೇರುತ್ತವಲ್ಲ, ಅದಕ್ಕೆ ಪಿನ್ನಿಲ್ವಾ?' ಅಂತ ಮಕ್ಕಳು ಕೇಳುತ್ತಾರೆ. ಅದು ರಾಜ್ಯಗಳ ಲೆಕ್ಕ, ಮಕ್ಕಳೇ.

ಭಾರತ, ಭೂತಾನ್, ಚೀನಾ ಸೇರುವ ಡೋಕ್ಲಾಮ್ ಹತ್ತಿರ ಪಿನ್ನಿಲ್ಲ, ಪೆನ್ಸಿಲ್ ಗುರುತಿದೆ. ಭಾರತ, ಭೂತಾನ್ ಪ್ರಕಾರ ಮೂರು ಗಡಿ ಕೂಡುವುದು ಬಟಾಂಗ್ ಲಾ ಎಂಬ ಕಣಿವೆದಾರಿಯಲ್ಲಿ. ಚೀನಾ ಅದನ್ನು ದಕ್ಷಿಣಕ್ಕೆ, ಗಿಪ್‌ಮೋಚಿ ಬೆಟ್ಟಕ್ಕೆ ಎಳೆಯುತ್ತದೆ. ಇಂಥ ಬಿಂದುಗಳನ್ನು ಮೂರನೇ ದೇಶವನ್ನೂ ಕೇಳಿಯೇ ಗೊತ್ತುಮಾಡಬೇಕು ಅಂತ 2012ರಲ್ಲಿ ಭಾರತ, ಚೀನಾ ನಡುವೆ ಮಾತಾಗಿತ್ತು. 2017ರಲ್ಲಿ ಸೈನ್ಯಗಳು ಎದುರುಬದುರು ನಿಂತಾಗ ನಮ್ಮ ಸರ್ಕಾರ ನೆನಪಿಸಿದ್ದು ಆ ಮಾತನ್ನೇ. ಆ ಪಿನ್ನನ್ನು ಮೇಜಿನ ಡ್ರಾಯರ್‌ನಲ್ಲಿ ಎತ್ತಿಟ್ಟಿದ್ದೇನೆ.