ಗೊಬ್ಬರ ಬೇಡದ ಗುಡ್ಡ

ಅಲ್ಲಿಯದೇ ನೆಲದ ಗಿಡಗಳನ್ನು ಉಳಿಸುವ ಸಂಘ, ಕ್ಯಾಲಿಫೋರ್ನಿಯಾ ನೇಟಿವ್ ಪ್ಲಾಂಟ್ ಸೊಸೈಟಿ, ಶುರುವಾದದ್ದು 1965ರಲ್ಲಿ. ಅದರ ಸಾಂಟಾ ಕ್ಲಾರಾ ವ್ಯಾಲಿ ಶಾಖೆಗೆ ಸೇರುವಾಗ, ಇದೂ ನಮ್ಮ ವನಮಹೋತ್ಸವದ ಹಾಗೆ ಗುಂಡಿ ತೋಡಿ, ಸಸಿ ನೆಟ್ಟು, ಫೋಟೋ ಹೊಡೆಸಿಕೊಳ್ಳುವ ವ್ಯವಹಾರ ಇರಬೇಕು ಅಂದುಕೊಂಡಿದ್ದೆ. ಗಿಡಗಳ ಮಾರಾಟ, ಹೂವು ನೋಡುವ ನಡಿಗೆ ಎಲ್ಲಾ ಇವೆ. ಆದರೆ ನನ್ನನ್ನು ಹಿಡಿದಿಟ್ಟದ್ದು ಕಳೆ ಕೀಳುವ ಕೆಲಸ.

ಏಪ್ರಿಲ್‌ನ ಒಂದು ಶನಿವಾರ ಶಾಖೆಯ ಕೆಲವರ ಜೊತೆ ರೆಡ್‌ವುಡ್ ಸಿಟಿ ಹತ್ತಿರದ ಎಡ್ಜ್‌ವುಡ್ ಪಾರ್ಕಿಗೆ ಹೋದೆ. 467 ಎಕರೆಯ ಈ ಜಾಗದಲ್ಲಿ ಗಾಲ್ಫ್ ಮೈದಾನ ಮಾಡಲು ಹೊರಟಿದ್ದರಂತೆ. ಗಿಡದ ಹುಚ್ಚಿನವರು ವರ್ಷಗಟ್ಟಲೆ ಪಟ್ಟು ಹಿಡಿದು ಕೂತರು, 1993ರಲ್ಲಿ ಸಂರಕ್ಷಿತ ತಾಣವಾಯಿತು. ಒಳಗೆ ಹೋಗುವ ಮುಂಚೆ ಬೂಟಿನ ಅಡಿಯನ್ನು ಬ್ರಷ್‌ನಿಂದ ತಿಕ್ಕಿದೆವು, ಬೇರೆ ಕಡೆಯ ಬೀಜ ಅಂಟಿಕೊಂಡು ಬರಬಾರದಲ್ಲ.

ಅವತ್ತು ಕೀಳಬೇಕಾಗಿದ್ದದ್ದು ಇಟಾಲಿಯನ್ ಥಿಸಲ್, ಮೈಯೆಲ್ಲಾ ಮುಳ್ಳು. ಬುಡ ಹಿಡಿದು ಸ್ವಲ್ಪ ತಿರುಚಿ ಎಳೆದರೆ ಬೇರುಸಮೇತ ಬರುತ್ತದೆ. ಮೇಲೆ ಹಿಡಿದರೆ ಕಡ್ಡಿ ಕೈಗೆ, ಬುಡ ಮಣ್ಣಿಗೆ, ಮತ್ತೆ ಚಿಗುರುತ್ತದೆ. ಹೂ ಬಿಟ್ಟಿದ್ದರೆ ಕಿತ್ತ ಮೇಲೂ ಬೀಜ ಬಲಿಯುವುದರಿಂದ ಚೀಲಕ್ಕೇ ಹಾಕಬೇಕು.

ಕುಕ್ಕರಗಾಲಲ್ಲಿ ಕೂತು ಕೀಳುತ್ತಿದ್ದಾಗ, ತಂಡದ ಹಿರಿಯರೊಬ್ಬರು ನನ್ನ ಮೊಣಕಾಲಿನ ಪಕ್ಕ ಬೆರಳು ತೋರಿಸಿ, "ಅದನ್ನ ಮಾತ್ರ ಮುಟ್ಟಬೇಡ" ಅಂದರು. ಬೆರಳುದ್ದದ ಸಸಿ, ಸಪೂರ ಎಲೆ, ಎಲೆ ಮೇಲೆ ನವಿರು ರೋಮ, ತುದಿಯಲ್ಲಿ ಕಾಗದದಂಥ ಪುಟಾಣಿ ಹೂಗಳ ಗೊಂಚಲು. ಅವರು ಹೇಳದಿದ್ದರೆ ಗಮನಿಸುವಂಥದ್ದೇನಲ್ಲ. ಪ್ಲಾಂಟೇಗೋ ಎರೆಕ್ಟಾ. ನಮ್ಮ ಮನೆಗಳಲ್ಲಿ ಮಲಬದ್ಧತೆಗೆ ಕುಡಿಯುವ ಇಸಬ್ಗೋಲ್‌ನ ಹತ್ತಿರದ ನೆಂಟ! ಬೇ ಚೆಕ್ಕರ್‌ಸ್ಪಾಟ್ ಚಿಟ್ಟೆಯ ಮರಿಹುಳುಗಳಿಗೆ ಮುಖ್ಯ ಊಟ ಇದೇ. ಬೇಸಿಗೆಗೆ ಸಸಿ ಒಣಗುವುದರೊಳಗೆ ಹುಳು ಸಾಕಷ್ಟು ತಿಂದು ಬೆಳೆದಿರಬೇಕು, ಇಲ್ಲದಿದ್ದರೆ ಕಥೆ ಮುಗಿಯಿತು.

ಈ ಗುಡ್ಡದ್ದು ಸರ್ಪೆಂಟೈನ್ ಕಲ್ಲಿನ ಮಣ್ಣು. ಮೆಗ್ನೀಸಿಯಂ ವಿಪರೀತ, ಕ್ಯಾಲ್ಸಿಯಂ ಕಡಿಮೆ, ನಿಕ್ಕಲ್ ಬೇರೆ, ಸಾರಜನಕವಂತೂ ಇಲ್ಲವೇ ಇಲ್ಲ ಅನ್ನುವಷ್ಟು. ಯುರೋಪಿನಿಂದ ಬಂದ ಹುಲ್ಲುಗಳಿಗೆ ಈ ಮಣ್ಣು ಒಗ್ಗುತ್ತಿರಲಿಲ್ಲ. ಅದಕ್ಕೇ ಇಲ್ಲಿಯ ಹೂಗಿಡಗಳು ಉಳಿದುಕೊಂಡವು. ಈಗ ಪಕ್ಕದಲ್ಲೇ 280 ಹೆದ್ದಾರಿ ಇದೆ. ಕಾರುಗಳ ಹೊಗೆಯಲ್ಲಿರುವ ಸಾರಜನಕ ಗುಡ್ಡದ ಮೇಲೆ ಇಳಿದು, ಯಾರೂ ಹಾಕದ ಗೊಬ್ಬರ ತಾನಾಗಿ ಬೀಳುತ್ತಿದೆ. ಅದನ್ನು ತಿಂದು ಇಟಾಲಿಯನ್ ರೈಗ್ರಾಸ್ ಅನ್ನುವ ಹೊರಗಿನ ಹುಲ್ಲು ಸೊಕ್ಕಿ ಬೆಳೆದು ಪುಟ್ಟ ಪ್ಲಾಂಟೇಗೋವನ್ನು ಮುಚ್ಚಿಬಿಡುತ್ತದೆ. ಸ್ಟುವರ್ಟ್ ವೈಸ್ ಎಂಬ ವಿಜ್ಞಾನಿ 1999ರಲ್ಲೇ ಇದನ್ನು ಬರೆದಿದ್ದರು. ಆದರೂ 2002ರ ಹೊತ್ತಿಗೆ ಎಡ್ಜ್‌ವುಡ್‌ನಲ್ಲಿ ಆ ಚಿಟ್ಟೆ ಇಲ್ಲವಾಯಿತು. ಆಮೇಲೆ ಹುಲ್ಲು ಬೀಜ ಕಟ್ಟುವ ಮುಂಚೆ ಯಂತ್ರದಿಂದ ಸವರುವುದನ್ನು ರೂಢಿ ಮಾಡಿ, ಬೇರೆಡೆಯಿಂದ ಹುಳುಗಳನ್ನು ತಂದು ಬಿಟ್ಟರು. ನಾನು ಆಫೀಸಿಗೆ ಹೋಗುವುದೂ ಅದೇ 280ರಲ್ಲಿ, ಅದನ್ನು ಅಲ್ಲಿ ಹೇಳಿದಾಗ ಯಾರೂ ಆಶ್ಚರ್ಯಪಡಲಿಲ್ಲ. ಅವರೂ ಅದೇ ರಸ್ತೆಯಲ್ಲಿ ಬಂದವರು.

ರಾತ್ರಿ ಊರಿಗೆ ಫೋನ್ ಮಾಡಿದಾಗ ಅಪ್ಪ, "ಅಲ್ಲಿಗೆ ಹೋಗಿಯೂ ಕಳೆ ಕೀಳೋದು ತಪ್ಪಲಿಲ್ವೇನೋ" ಅಂತ ನಕ್ಕರು. ಗೊಬ್ಬರದ ಕಥೆ ಹೇಳಿದೆ. ಬಿಡಿಸಿ ಹೇಳಬೇಕಾಗಲಿಲ್ಲ.

"ಯೂರಿಯಾ ಜಾಸ್ತಿಯಾದ್ರೆ ನಮ್ಮ ಭತ್ತಾನೂ ಮಲಗಲ್ವೇನೋ? ಅಷ್ಟು ಹುಲ್ಲಿದ್ರೆ ಯಂತ್ರ ಯಾಕೆ, ದನ ಬಿಡೋಕೇನು?"

ಸ್ಯಾನ್ ಹೋಸೆಯ ದಕ್ಷಿಣಕ್ಕಿರುವ ಕಯೋಟಿ ರಿಡ್ಜ್ ಅನ್ನುವ ಗುಡ್ಡಸಾಲಿನಲ್ಲಿ ಮಾಡುತ್ತಿರುವುದು ಅದನ್ನೇ. ದನ ಮೇಯುವ ಕಡೆ ಚಿಟ್ಟೆ ಉಳಿದಿದೆ, ಮೇಯುವುದನ್ನು ನಿಲ್ಲಿಸಿದ ಕಡೆ ಕುಸಿದಿದೆ. ವೈಸ್ ಬರೆದದ್ದರಲ್ಲಿ ಇದೂ ಇತ್ತು. ಅಪ್ಪನಿಗೆ ಹೇಳಿದೆ. "ಮತ್ತೆ?" ಅಂದು, ಎಮ್ಮೆ ಕರು ಹಾಕಿದ ಸುದ್ದಿಗೆ ಹೋದರು.